ಸ್ಪೈಟ್, ಗ್ರಡ್ಜ್, ಮ್ಯಾಲಿಸ್: ಎಲ್ಲವೂ 'ದ್ವೇಷ'ವೇ? ಇಂಗ್ಲಿಷ್‌ನಲ್ಲಿ ದೂರು ಬರೆಯುವ ಮುನ್ನ ಈ ವ್ಯತ್ಯಾಸ ತಿಳಿದಿರಲಿ

ಮೇಲಿನ ಫ್ಲ್ಯಾಟ್‌ನವರು ನಿಮ್ಮ ಪಾರ್ಕಿಂಗ್ ಜಾಗದಲ್ಲಿ ಬೇಕೆಂದೇ ಗಾಡಿ ನಿಲ್ಲಿಸುತ್ತಾರೆ. ಕಚೇರಿಯಲ್ಲಿ ಒಬ್ಬರು ಹಳೆಯ ಮನಸ್ತಾಪ ಇಟ್ಟುಕೊಂಡು ನಿಮ್ಮ ರಜೆ ಅರ್ಜಿ ತಡೆಯುತ್ತಾರೆ. ಮನೆಯಲ್ಲಾದರೆ 'ಹೊಟ್ಟೆಕಿಚ್ಚು', 'ಜಿದ್ದು', 'ಹಗೆ' ಎಂದು ಕನ್ನಡದಲ್ಲೇ ಬೈದು ಹಗುರಾಗಬಹುದು. ಆದರೆ ಮುಂಬೈ, ಪುಣೆ, ಚೆನ್ನೈಗಳಲ್ಲಿರುವ ನಮ್ಮಂಥವರು ಸೊಸೈಟಿಗೋ ಎಚ್‌ಆರ್‌ಗೋ ದೂರು ಕೊಡಬೇಕಾಗುವುದು ಹೆಚ್ಚಾಗಿ ಇಂಗ್ಲಿಷ್‌ನಲ್ಲೇ. ನಿಘಂಟು ತೆರೆದರೆ ಹತ್ತಾರು ಪದಗಳು, ಎಲ್ಲದಕ್ಕೂ ಹೆಚ್ಚುಕಡಿಮೆ ಒಂದೇ ಅರ್ಥ: ದ್ವೇಷ. ಹಾಗಂತ ಯಾವುದನ್ನು ಬೇಕಾದರೂ ಬಳಸಬಹುದೇ? ಇಲ್ಲ. ಇವುಗಳಲ್ಲಿ ಕೆಲವು ವರ್ತನೆಯನ್ನು ಹೇಳುತ್ತವೆ, ಕೆಲವು ಉದ್ದೇಶದ ಮೇಲೆ ಆರೋಪ ಹೊರಿಸುತ್ತವೆ.

ಸ್ಪೈಟ್: ಸಣ್ಣತನದ ಕಿರುಕುಳ

ತನಗೆ ಲಾಭವಿಲ್ಲದಿದ್ದರೂ ಇನ್ನೊಬ್ಬರಿಗೆ ತೊಂದರೆಯಾಗಲಿ ಎಂದು ಮಾಡುವ ಕೆಲಸವೇ ಸ್ಪೈಟ್. 'ಹಿ ಡಿಡ್ ಇಟ್ ಔಟ್ ಆಫ್ ಸ್ಪೈಟ್' ಎಂಬುದು ಇದರ ಸಾಮಾನ್ಯ ಬಳಕೆ. 'ಸಿಟ್ಟಿನಲ್ಲಿ ಕೊಯ್ದುಕೊಂಡ ಮೂಗು ಮತ್ತೆ ಬರುವುದಿಲ್ಲ' ಎಂದು ನಮ್ಮಲ್ಲಿ ಹೇಳುವಂತೆ, ಮುಖದ ಮೇಲಿನ ಸಿಟ್ಟಿಗೆ ಮೂಗು ಕೊಯ್ದುಕೊಳ್ಳುವ ಮಾತು ಇಂಗ್ಲಿಷ್‌ನಲ್ಲೂ ಇದೆ. ಅಲ್ಲಿ ಬಳಕೆಯಾಗುವುದು ಇದೇ ಪದ.

ಜಿದ್ದಿಗೆ ಬಿದ್ದು ಕಟ್ಟಿದ ಮನೆಗಳಿಗೂ ಇಂಗ್ಲಿಷ್‌ನಲ್ಲಿ 'ಸ್ಪೈಟ್ ಹೌಸ್' ಎಂಬ ಹೆಸರಿದೆ. ಅಮೆರಿಕದ ವರ್ಜೀನಿಯಾ ರಾಜ್ಯದ ಅಲೆಕ್ಸಾಂಡ್ರಿಯಾದಲ್ಲಿ 1830ರಲ್ಲಿ ಕಟ್ಟಿದ ಇಂಥದ್ದೊಂದು ಮನೆಯ ಅಗಲ ಸುಮಾರು 7 ಅಡಿ ಮಾತ್ರ. ಪಕ್ಕದ ಓಣಿಯಲ್ಲಿ ಕುದುರೆಗಾಡಿಗಳ ಓಡಾಟ, ಅಲ್ಲಿ ಅಡ್ಡಾಡುವವರ ಗಲಾಟೆಯಿಂದ ರೋಸಿಹೋದ ಜಾನ್ ಹಾಲೆನ್ಸ್‌ಬರಿ ಎಂಬಾತ ಆ ಓಣಿಗೇ ಅಡ್ಡಲಾಗಿ ಅದನ್ನು ಕಟ್ಟಿಸಿದ ಎಂದು ಹೇಳಲಾಗುತ್ತದೆ.

ಒಂದು ಎಚ್ಚರ: 'ಇನ್ ಸ್ಪೈಟ್ ಆಫ್' ಎಂದರೆ 'ಆದಾಗ್ಯೂ', 'ಲೆಕ್ಕಿಸದೆ' ಎಂದಷ್ಟೇ ಅರ್ಥ. ಅದರಲ್ಲಿ ಹಗೆಯ ಸುಳಿವಿಲ್ಲ. 'ಡಿಸ್ಪೈಟ್' ಕೂಡ ಅದೇ ಮೂಲದ್ದು. ಆದರೆ ಅದರ ಮುಂದೆ 'ಆಫ್' ಸೇರಿಸಿದರೆ ತಪ್ಪು.

ಗ್ರಡ್ಜ್, ರ‍್ಯಾಂಕರ್: ಒಳಗೇ ಉಳಿದ ಸಿಟ್ಟು

ಹಳೆಯದನ್ನು ಮನಸ್ಸಿನಲ್ಲೇ ಇಟ್ಟುಕೊಂಡಿರುವುದು ಗ್ರಡ್ಜ್. ಗೊಣಗು ಎಂಬ ಅರ್ಥದ ಹಳೆಯ ಫ್ರೆಂಚ್ ಪದದಿಂದ ಇದು ಬಂದಿದೆ. 'ಹೋಲ್ಡ್ ಎ ಗ್ರಡ್ಜ್' ಅಥವಾ 'ಬೇರ್ ಎ ಗ್ರಡ್ಜ್' ಎನ್ನುವುದು ರೂಢಿ. ಇಲ್ಲಿ ಇನ್ನೂ ಏನೂ ಮಾಡಿರಬೇಕಿಲ್ಲ, ಮರೆತಿಲ್ಲ ಅಷ್ಟೆ.

ಅದು ವರ್ಷಗಟ್ಟಲೆ ಕೊಳೆತು ಕಹಿಯಾದರೆ ರ‍್ಯಾಂಕರ್. ಎಣ್ಣೆ ಕಮಟು ಹಿಡಿದಿದೆ ಎನ್ನಲು ಬಳಸುವ 'ರ‍್ಯಾನ್ಸಿಡ್' ಪದಕ್ಕೂ ಇದಕ್ಕೂ ಲ್ಯಾಟಿನ್ ಮೂಲ ಒಂದೇ. ಪಕ್ಷಗಳ ಒಳಜಗಳ, ಆಸ್ತಿ ಜಗಳಗಳ ವರದಿಗಳಲ್ಲಿ ಈ ಪದ ಕಾಣಿಸಿಕೊಳ್ಳುವುದುಂಟು.

ವಿಂಡಿಕ್ಟಿವ್: ಸೇಡಿನ ಸ್ವಭಾವ

ತನಗಾದ ಅನ್ಯಾಯಕ್ಕೆ, ಅದು ಬರೀ ಕಲ್ಪನೆಯಾದರೂ ಸರಿ, ಸೇಡು ತೀರಿಸಿಕೊಳ್ಳದೆ ಬಿಡದವರು ವಿಂಡಿಕ್ಟಿವ್. ಸ್ಪೈಟ್‌ಗೆ ಹಳೆಯ ಕಾರಣ ಇರಲೇಬೇಕೆಂದಿಲ್ಲ, ಇದಕ್ಕೆ ಬೇಕು. ರಾಜಕೀಯ ಸುದ್ದಿಗಳಲ್ಲಿ ಆಗಾಗ ಕಾಣುವ 'ವೆಂಡೆಟಾ' ಕೂಡ ಇದೇ ಬಳಗದ್ದು.

ಮ್ಯಾಲಿಸ್: ಇಲ್ಲಿ ಹುಷಾರು

ಕೆಡುಕು ಮಾಡುವ ಇರಾದೆಯೇ ಮ್ಯಾಲಿಸ್. ಕಂಪ್ಯೂಟರ್ ಕೆಡಿಸುವ ಮಾಲ್‌ವೇರ್ ಎಂದರೆ 'ಮ್ಯಾಲಿಶಸ್ ಸಾಫ್ಟ್‌ವೇರ್'. ಈ ಪದ ಕಾನೂನಿನಲ್ಲೂ ಇರುವುದರಿಂದ ಅದರ ತೂಕ ಹೆಚ್ಚು. ಧಾರ್ಮಿಕ ಭಾವನೆಗೆ ಧಕ್ಕೆ ತರುವ ಅಪರಾಧದ ಬಗ್ಗೆ ಹಳೆಯ ಐಪಿಸಿ 295ಎ ಕಲಂ ಹೇಳುತ್ತಿತ್ತು. 2024ರ ಜುಲೈ 1ರಿಂದ ಜಾರಿಯಾದ ಭಾರತೀಯ ನ್ಯಾಯ ಸಂಹಿತೆಯಲ್ಲಿ ಅದು ಕಲಂ 299. ಎರಡರಲ್ಲೂ 'ಉದ್ದೇಶಪೂರ್ವಕ ಮತ್ತು ಮ್ಯಾಲಿಶಸ್' ಇರಾದೆ ಇರಬೇಕು ಎಂಬ ಷರತ್ತಿದೆ. ಯಾರಿಗೋ ನೋವಾಯಿತು ಎಂದಷ್ಟೇ ತೋರಿಸಿದರೆ ಸಾಲದು.

ಅಮೆರಿಕದಲ್ಲಂತೂ ಇದರ ಅರ್ಥ ಇನ್ನೂ ಬೇರೆ. ನ್ಯೂಯಾರ್ಕ್ ಟೈಮ್ಸ್ ಮತ್ತು ಸಲಿವನ್ ನಡುವಿನ ಪ್ರಕರಣದಲ್ಲಿ 1964ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟ್ 'ಆಕ್ಚುವಲ್ ಮ್ಯಾಲಿಸ್' ತತ್ವವನ್ನು ರೂಪಿಸಿತು. ಸುಳ್ಳೆಂದು ಗೊತ್ತಿದ್ದೂ ಪ್ರಕಟಿಸುವುದು ಅಥವಾ ಸತ್ಯಾಸತ್ಯತೆಯ ಬಗ್ಗೆ ತೀರಾ ಬೇಜವಾಬ್ದಾರಿ ತೋರುವುದು ಎಂದು ಅದರ ಅರ್ಥ. ಬರೆದವರಿಗೆ ದ್ವೇಷ ಇತ್ತೇ ಎಂಬುದು ಅಲ್ಲಿ ಪ್ರಶ್ನೆಯೇ ಅಲ್ಲ.

ಹಾಗಾದರೆ ಏನು ಬರೆಯಬೇಕು?

ಒರಟು ಮಾತಿಗೆ 'ರೂಡ್' ಸಾಕು. ಮನ ನೋಯಿಸುವ ಸಣ್ಣತನಕ್ಕೆ 'ಮೀನ್' ಸರಿಹೋಗುತ್ತದೆ, ಆದರೆ ಬ್ರಿಟಿಷ್ ಇಂಗ್ಲಿಷ್‌ನಲ್ಲಿ ಅದಕ್ಕೆ ಜಿಪುಣ ಎಂಬ ಅರ್ಥವೂ ಇದೆ. 'ಸ್ಪೈಟ್‌ಫುಲ್' ಎಂದರೆ ಬೇಕೆಂದೇ ಮಾಡಿದ್ದು ಎಂದಾಯಿತು. 'ಮ್ಯಾಲಿಶಸ್' ಎಂದು ಬರೆದರೆ ಕೇಡು ಬಗೆಯುವ ಉದ್ದೇಶವನ್ನೇ ಆರೋಪಿಸಿದಂತೆ, ಸಾಕ್ಷಿ ಕೇಳಿದರೆ ನೀವೇ ಕೊಡಬೇಕಾಗುತ್ತದೆ.

ಅಧಿಕಾರ ಇರುವವರಿಗೆ ಸದುದ್ದೇಶದಿಂದ ಸಲ್ಲಿಸಿದ ದೂರಿಗೆ ಮಾನಹಾನಿಯ ಕಲಂ 356ರಲ್ಲಿ ವಿನಾಯಿತಿ ಇದೆ. ಇಡೀ ಕಟ್ಟಡದವರಿರುವ ವಾಟ್ಸ್‌ಆ್ಯಪ್ ಗ್ರೂಪಿಗೆ ಹಾಕಿದ ಮೆಸೇಜಿಗೂ ಅದೇ ರಕ್ಷಣೆ ಸಿಗುತ್ತದೆ ಎಂದುಕೊಳ್ಳಬೇಡಿ. ಮೇಲಿನ ಮನೆಯವರ ಮನಸ್ಸಿನಲ್ಲಿ ಏನಿದೆ ಎಂದು ಬರೆಯುವುದಕ್ಕಿಂತ, ಯಾವ ದಿನ ಗಾಡಿ ಎಲ್ಲಿ ನಿಲ್ಲಿಸಿದ್ದರು, ಎಷ್ಟು ಸಲ ಹೇಳಿದಿರಿ ಎಂದು ಬರೆದು ಫೋಟೊ ಲಗತ್ತಿಸಿ. ಅದು ಸ್ಪೈಟೋ ಮ್ಯಾಲಿಸೋ ಎಂಬುದನ್ನು ಓದಿದವರೇ ತೀರ್ಮಾನಿಸಲಿ.