ಹದಿಮೂರು ತಿಂಗಳ ನಾಡಿಗೆ ಹೋದ ಮೇಷ್ಟರು

ವ್ಯಾಪಾರಕ್ಕಾಗಿ ಕಡಲು ದಾಟಿದ ಭಾರತೀಯರ ಚರಿತ್ರೆಯನ್ನು ಬರೆದವರುಂಟು. ಕೂಲಿಗಾಗಿ ತೋಟಗಳಿಗೆ ಸಾಗಿಸಲ್ಪಟ್ಟವರ ದುಃಖವನ್ನು ತೋಡಿಕೊಂಡವರೂ ಉಂಟು. ಆದರೆ ಒಂದೆರಡು ಬೀಜಗಣಿತದ ಪುಸ್ತಕಗಳನ್ನೂ ಒಂದು ಉಣ್ಣೆಯ ಕೋಟನ್ನೂ ಟ್ರಂಕಿನಲ್ಲಿಟ್ಟುಕೊಂಡು, ಬೊಂಬಾಯಿಯನ್ನು ಬಿಟ್ಟು ಏಡನ್ ಮಾರ್ಗವಾಗಿ ಇಥಿಯೋಪಿಯಾ ದೇಶಕ್ಕೆ ಪಾಠ ಹೇಳಲು ಹೋದ ಉಪಾಧ್ಯಾಯರ ವಿಷಯವನ್ನು ಆದರದಿಂದ ವಿಚಾರಿಸಿದವರು ವಿರಳ. ಕಳೆದ ಶತಮಾನದ ಐವತ್ತು, ಅರವತ್ತರ ದಶಕಗಳಲ್ಲಿ ಆ ದೇಶದ ಪ್ರೌಢಶಾಲೆಗಳಲ್ಲಿ ಕರಿಹಲಗೆಯ ಮುಂದೆ ನಿಂತ ಪರದೇಶೀಯರಲ್ಲಿ ಭಾರತೀಯರು ಬಹುಸಂಖ್ಯಾತರಾಗಿದ್ದರು. ಅವರಲ್ಲಿ ಕೇರಳದವರೇ ಹೆಚ್ಚು. ನಮ್ಮ ಕಡೆಯವರೂ ಇಲ್ಲದಿರಲಿಲ್ಲ.

ಅವರನ್ನು ಕರೆಸಿಕೊಂಡ ಕಾರಣ ದಾರುಣವಾದುದು. ಇಟಲಿಯ ಸೈನ್ಯ 1936ರಿಂದ 1941ರವರೆಗೆ ಆ ನಾಡನ್ನು ಆಕ್ರಮಿಸಿಕೊಂಡಿತ್ತು. 1937ರ ಫೆಬ್ರವರಿಯಲ್ಲಿ ಅಲ್ಲಿನ ಇಟಾಲಿಯನ್ ಅಧಿಪತಿ ಗ್ರಾತ್ಸಿಯಾನಿಯ ಮೇಲೆ ಬಾಂಬು ಎಸೆಯಲ್ಪಟ್ಟಾಗ ನಡೆದ ಪ್ರತೀಕಾರದಲ್ಲಿ, ಮೊದಲೇ ಅಲ್ಪಸಂಖ್ಯೆಯಲ್ಲಿದ್ದ ವಿದ್ಯಾವಂತ ತರುಣರು ಹುಡುಕಿ ಹುಡುಕಿ ಕೊಲ್ಲಲ್ಪಟ್ಟರು. ದೇಶಭ್ರಷ್ಟನಾಗಿದ್ದ ಚಕ್ರವರ್ತಿ ಹೈಲೆ ಸೆಲಾಸಿ 1941ರಲ್ಲಿ ರಾಜಧಾನಿಗೆ ಮರಳಿ, ವಿದ್ಯಾಖಾತೆಯನ್ನು ಬಹುಕಾಲ ತನ್ನ ಕೈಯಲ್ಲಿಯೇ ಇಟ್ಟುಕೊಂಡು ಶಾಲೆಗಳನ್ನು ಕಟ್ಟಿಸಿದನಾದರೂ, ಕಟ್ಟಡವೆದ್ದಷ್ಟು ಬೇಗ ಉಪಾಧ್ಯಾಯರು ಏಳುವುದಿಲ್ಲವಷ್ಟೆ. ಪ್ರೌಢಶಾಲೆಯ ಬೋಧನೆ ಇಂಗ್ಲಿಷಿನಲ್ಲಿ. ಇಂಗ್ಲಿಷಿನಲ್ಲಿ ಗಣಿತ, ವಿಜ್ಞಾನಗಳನ್ನು ಹೇಳಬಲ್ಲ ಪದವೀಧರರು ನಮ್ಮಲ್ಲಿ ಕೆಲಸಕ್ಕಾಗಿ ಕಾದು ಕುಳಿತಿದ್ದರು. ಆದರ್ಶವೊಂದೇ ಅವರನ್ನು ಅಷ್ಟು ದೂರ ಎಳೆದೊಯ್ದಿತೆಂದರೆ ಸುಳ್ಳಾದೀತು. ತಂಗಿಯ ಮದುವೆಯ ಸಾಲ, ಅರ್ಧಕ್ಕೆ ನಿಂತ ಮನೆ, ಇವುಗಳ ಪಾಲೂ ಅದರಲ್ಲಿತ್ತು, ಮತ್ತು ಅದರಲ್ಲಿ ನಾಚಿಕೆಪಡತಕ್ಕದ್ದೇನೂ ಇರಲಿಲ್ಲ.

ಆಫ್ರಿಕವೆಂದರೆ ಸುಡುಬಿಸಿಲೆಂದು ಭಾವಿಸಿ ವಿಮಾನದಿಂದಿಳಿದವನನ್ನು ಅಡಿಸ್ ಅಬಾಬಾದಲ್ಲಿ ಎದುರುಗೊಳ್ಳುವುದು ಚಳಿ. ಬೆಂಗಳೂರಿನ ಎತ್ತರ ಸುಮಾರು 900 ಮೀಟರಾದರೆ ಆ ನಗರದ್ದು ಸುಮಾರು 2,400. ನಾಲ್ಕು ಮೆಟ್ಟಿಲು ಹತ್ತುವಷ್ಟರಲ್ಲಿ ಏದುಸಿರು; ಗಾಳಿಯಲ್ಲೆಲ್ಲ ನೀಲಗಿರಿ ಎಲೆಯ, ನೀಲಗಿರಿ ಸೌದೆಯ ಹೊಗೆಯ ವಾಸನೆ. ಸೌದೆಯ ಕ್ಷಾಮದಿಂದ ಹೊಸ ರಾಜಧಾನಿಯನ್ನೇ ಬಿಟ್ಟುಹೋಗುವ ಸ್ಥಿತಿ ಒದಗಿದಾಗ, ಎರಡನೆಯ ಮೆನೆಲಿಕ್ ಚಕ್ರವರ್ತಿಯ ಕಾಲದಲ್ಲಿ ಆಸ್ಟ್ರೇಲಿಯಾದ ಈ ಮರವನ್ನು ತಂದು ಊರ ಸುತ್ತ ನೆಟ್ಟರು. ನೆಗಡಿಯಾದಾಗ ಅಮ್ಮ ಕರವಸ್ತ್ರಕ್ಕೆ ಹಾಕಿಕೊಡುತ್ತಿದ್ದ ಎಣ್ಣೆಯ ವಾಸನೆ ಒಂದು ಇಡೀ ರಾಜಧಾನಿಯ ವಾಸನೆಯಾಗಿ ಬಂದರೆ ಹೊಸಬನಿಗೆ ಹೇಗಾಗಬೇಕು! ಇನ್ನು ಅಡುಗೆಮನೆಯ ಕಥೆ. ಆ ಎತ್ತರದಲ್ಲಿ ನೀರು ಸುಮಾರು 92 ಡಿಗ್ರಿಗೇ ಕುದಿದುಬಿಡುವುದರಿಂದ, ತೆರೆದ ಪಾತ್ರೆಯಲ್ಲಿ ಬೇಳೆ ಬೇಯುವುದಕ್ಕೆ ಊರಿನಲ್ಲಿಗಿಂತ ಬಹಳ ಹೆಚ್ಚು ಹೊತ್ತು ಹಿಡಿಯುತ್ತದೆ. ಒತ್ತಡ ಕಡಮೆಯಾದಂತೆ ಕುದಿಬಿಂದು ಇಳಿಯುವುದೆಂದು ಊರಿನಲ್ಲಿ ಬಾಯಿಪಾಠ ಮಾಡಿಸಿದ್ದ ಭೌತಶಾಸ್ತ್ರದ ಮೇಷ್ಟರು, ಆ ನಿಯಮವನ್ನು ಹಸಿದ ಹೊಟ್ಟೆಯಲ್ಲಿ ಪ್ರತ್ಯಕ್ಷ ಕಂಡು, ಮುಂದಿನ ಸಲ ಊರಿನಿಂದ ಬರುವವರಿಗೆ ಕುಕ್ಕರು ತರುವಂತೆ ಕಾಗದ ಬರೆಯುತ್ತಿದ್ದರು.

ಸಸ್ಯಾಹಾರಿಗಳ ಪಾಲಿಗೆ ಅಲ್ಲಿನ ಧರ್ಮವೇ ರಕ್ಷಕವಾಯಿತೆನ್ನಬಹುದು. ಇಥಿಯೋಪಿಯಾದ ಪುರಾತನ ಕ್ರೈಸ್ತ ಸಂಪ್ರದಾಯದವರು ಬುಧವಾರ, ಶುಕ್ರವಾರಗಳಲ್ಲಿಯೂ ಈಸ್ಟರಿಗೆ ಮುಂಚಿನ ದೀರ್ಘವ್ರತದಲ್ಲಿಯೂ ಮಾಂಸ, ಮೊಟ್ಟೆ, ಹಾಲುಗಳನ್ನು ಮುಟ್ಟುವುದಿಲ್ಲ. ಆ ದಿನಗಳಲ್ಲಿ ತೆಫ್ ಎಂಬ ಅತಿಸಣ್ಣ ಧಾನ್ಯದ ಹಿಟ್ಟನ್ನು ಹುಳಿಬರಿಸಿ ಹುಯ್ದ, ನಮ್ಮ ದೋಸೆಯ ದೊಡ್ಡಪ್ಪನಂತಿರುವ ಇಂಜೆರಾದ ಮೇಲೆ, ಕೆಂಪು ಬೇಳೆಯ ಮತ್ತು ಕಡಲೆಹಿಟ್ಟಿನ ಖಾರವಾದ ವ್ಯಂಜನಗಳನ್ನು ಬಡಿಸುತ್ತಾರೆ.

ಹೊಸಬನನ್ನು ನಿಜವಾಗಿ ತಬ್ಬಿಬ್ಬುಗೊಳಿಸುವುದು ಅನ್ನವಲ್ಲ, ಕಾಲ. 1962ನೆಯ ಇಸವಿಯ ಸೆಪ್ಟೆಂಬರ್ ಮೊದಲ ವಾರದಲ್ಲಿ ಅಲ್ಲಿಗೆ ಬಂದಿಳಿದವನು 1954ರಲ್ಲಿ ಇಳಿದಂತಾಯಿತು. ಕ್ರಿಸ್ತಜನ್ಮದ ಗಣನೆಯೇ ಬೇರೆಯಾದುದರಿಂದ ಅವರ ವರ್ಷ ಏಳೆಂಟು ಸಂಖ್ಯೆ ಹಿಂದಿದೆ. ಮೂವತ್ತು ಮೂವತ್ತು ದಿನಗಳ ಹನ್ನೆರಡು ತಿಂಗಳು ಮುಗಿದ ಮೇಲೆ, ಐದು ದಿನಗಳ, ಅಧಿಕವರ್ಷವಾದರೆ ಆರು ದಿನಗಳ, ಪಗುಮೆ ಎಂಬ ಹದಿಮೂರನೆಯ ತಿಂಗಳು. ಆಮೇಲೆ ಸಾಮಾನ್ಯವಾಗಿ ಸೆಪ್ಟೆಂಬರ್ 11ರಂದು, ಮಳೆ ಹಿಂದೆಗೆದು ಗುಡ್ಡಗಳೆಲ್ಲ ಹಳದಿ ಹೂ ಬಿಡುವ ಹೊತ್ತಿನಲ್ಲಿ, ಹೊಸ ವರ್ಷ; ಅದರ ಬೆನ್ನಿಗೇ ಶಾಲೆ. ಗಂಟೆಯ ಲೆಕ್ಕವಂತೂ ಸೂರ್ಯೋದಯದಿಂದ ಆರಂಭ: ನಮ್ಮ ಬೆಳಗಿನ ಏಳು ಅವರಿಗೆ ಒಂದು, ನಡುಹಗಲಿನ ಹನ್ನೆರಡು ಅವರಿಗೆ ಆರು. ಸಮಭಾಜಕವೃತ್ತಕ್ಕೆ ಸಮೀಪದ ನಾಡಾದುದರಿಂದ ವರ್ಷವಿಡೀ ಹಗಲಿನ ಪ್ರಮಾಣ ಬಹಳ ವ್ಯತ್ಯಾಸವಾಗದು. ಹೀಗೆ ಎಣಿಸಿದರೆ ಕೆಡುವುದೂ ಏನಿಲ್ಲ. ಶಾಲೆ ಎಷ್ಟು ಹೊತ್ತಿಗೆಂದು ಕಾವಲುಗಾರನನ್ನು ಇಂಗ್ಲಿಷಿನಲ್ಲಿ ಕೇಳಿದರೆ ಎಂಟಕ್ಕೆಂದೂ, ಅಮ್ಹಾರಿಕ್ ಭಾಷೆಯಲ್ಲಿ ಕೇಳಿದರೆ ಎರಡಕ್ಕೆಂದೂ ಹೇಳುವನು, ಎರಡೂ ದಿಟ. ಆಫೀಸಿಗೆ ಇಂಗ್ಲಿಷ್ ತಾರೀಖನ್ನೂ ಉಪನಯನಕ್ಕೆ ಪಂಚಾಂಗವನ್ನೂ ನೋಡುವ, ಸೂರ್ಯೋದಯದಿಂದ ಘಳಿಗೆ ಎಣಿಸುವವರ ಮನೆಯಲ್ಲಿ ಹುಟ್ಟಿದ ಕನ್ನಡಿಗನಿಗೆ ಈ ಎರಡು ಕಾಲಗಳ ಸಂಸಾರ ಯುರೋಪಿನವನಿಗಾದಷ್ಟು ವಿಚಿತ್ರವಾಗಿ ಕಾಣಲಿಲ್ಲವೆಂದು ನನ್ನ ಊಹೆ.

ಹಾಜರಿ ಪುಸ್ತಕದಲ್ಲಿಯೂ ಹಾಗೆಯೇ. ಅಲ್ಲಿ ಮನೆತನದ ಹೆಸರೆಂಬುದಿಲ್ಲ. ತನ್ನ ಹೆಸರು, ಅದರ ಮುಂದೆ ತಂದೆಯ ಹೆಸರು. 1960ರ ರೋಮ್ ಒಲಿಂಪಿಕ್ಸಿನ ಮ್ಯಾರಥಾನನ್ನು ಬರಿಗಾಲಿನಲ್ಲಿ ಓಡಿ ಗೆದ್ದ ಅಬೆಬೆ ಬಿಕಿಲ, ಬಿಕಿಲನ ಮಗನಾದ ಅಬೆಬೆ. ತಂದೆಯ ಹೆಸರನ್ನು ಒಂದಕ್ಷರದಲ್ಲಿ ಅಡಗಿಸಿ ಹೊತ್ತು ತಿರುಗುವ ನಮ್ಮ ಮೇಷ್ಟರಿಗೆ ಇದರಲ್ಲಿ ತೊಡಕೇನು? ಲಿಪಿಯೂ ಅಷ್ಟೆ: ಮೂವತ್ತಮೂರು ಮೂಲಾಕ್ಷರಗಳು, ಒಂದೊಂದಕ್ಕೂ ಸ್ವರಭೇದದಿಂದ ಏಳು ರೂಪಗಳು, ಕಾಗುಣಿತವನ್ನು ತಿದ್ದಿದ ಕೈಗೆ ಅಂಗಡಿಯ ಬೋರ್ಡುಗಳು ಬಹುಬೇಗ ಓದಿಗೆ ದಕ್ಕುತ್ತಿದ್ದವು.

ಆದರೆ ನಾನು ಮುಖ್ಯವಾಗಿ ಹೇಳಬೇಕೆಂದಿರುವುದು ತರಗತಿಯೊಳಗಣ ವಿಷಯವನ್ನು. ಒರೊಮೊ ಮಾತಾಡುವ ಹಳ್ಳಿಯ ಹುಡುಗ ಮೊದಲು ಶಾಲೆಯಲ್ಲಿ ಅಮ್ಹಾರಿಕ್ ಕಲಿತು, ಆಮೇಲೆ ಇಂಗ್ಲಿಷಿನಲ್ಲಿ ರೇಖಾಗಣಿತವನ್ನು ಎದುರಿಸಬೇಕಾಗಿತ್ತು. ಅವನ ಎದುರು ನಿಂತ ಧಾರವಾಡದ ಮೇಷ್ಟರೋ, ಅದೇ ರೇಖಾಗಣಿತವನ್ನು ಒಮ್ಮೆ ಕನ್ನಡದಲ್ಲಿಯೂ ಮತ್ತೊಮ್ಮೆ ಇಂಗ್ಲಿಷಿನಲ್ಲಿಯೂ ಎಡವಿ ಎಡವಿ ಕಲಿತವರು. ಶಮ್ಮಾ ಎಂಬ ಬಿಳಿಯ ವಸ್ತ್ರವನ್ನು ಹೊದ್ದು ಮೂರನೆಯ ಬೆಂಚಿನಲ್ಲಿ ಕುಳಿತ ಹುಡುಗ ತ್ರಿಭುಜದ ಚಿತ್ರವನ್ನು ಅಚ್ಚುಕಟ್ಟಾಗಿ ಬರೆದು, ಸಾಧನೆಯ ಎರಡನೆಯ ಸಾಲಿನಲ್ಲಿ ಪೆನ್ಸಿಲನ್ನು ಎತ್ತಿ ಹಿಡಿದು ಕುಳಿತರೆ, ಅವನಿಗೆ ಅಡ್ಡಬಂದದ್ದು ಕೋನವಲ್ಲ, 'ಆದಕಾರಣ' ಎಂಬರ್ಥದ ಇಂಗ್ಲಿಷ್ ಪದದ ಕಾಗುಣಿತವೆಂದು ಅವರಿಗೆ ಕೂಡಲೆ ಹೊಳೆಯುವುದು. ಹಲಗೆಯ ಮೇಲೆ ಮೂರು ಚುಕ್ಕಿಗಳನ್ನಿಟ್ಟು ಮುಂದೆ ಸಾಗುವರು. ಇಂಗ್ಲಿಷನ್ನು ತಾಯ ಹಾಲಿನೊಡನೆ ಕುಡಿದವನಿಗೆ ಈ ಎಡವು ಕಾಣುವುದು ಕಷ್ಟ. ಅದೇ 1962ರಲ್ಲಿ ಅಮೆರಿಕದ ಶಾಂತಿದಳದ ತರುಣ ತರುಣಿಯರು 270ಕ್ಕೂ ಹೆಚ್ಚು ಮಂದಿ ಅಲ್ಲಿಗೆ ಬಂದರು. ಅವರ ಉತ್ಸಾಹವೂ ಸಲಿಗೆಯೂ ದೊಡ್ಡವೇ, ಆದರೆ ಎರವಿನ ಭಾಷೆಯಲ್ಲಿ ಯೋಚಿಸುವ ಶ್ರಮದ ಅರಿವು ಅವರಿಗಿದ್ದಿರಲಾರದು.

ನಮ್ಮವರನ್ನು ಹೊಗಳಿಬಿಡುವುದೂ ಸಲ್ಲದು. ನೋಟ್ಸು ಹೇಳಿ ಬರೆಯಿಸುವ ಚಾಳಿಯನ್ನು ಅವರು ಟ್ರಂಕಿನಲ್ಲಿಟ್ಟುಕೊಂಡೇ ಹೋದರು. ಶಾಲಾಂತ್ಯದ ಪರೀಕ್ಷೆಯನ್ನು ದಾಟಿಸಲು ಅದು ಸಾಕಾಗುತ್ತಿತ್ತು. ಆದರೆ 1965ರಲ್ಲಿ ವಿದ್ಯಾರ್ಥಿಗಳು ಉಳುವವನಿಗೆ ಭೂಮಿಯೆಂದು ಅಡಿಸ್ ಅಬಾಬಾದ ಬೀದಿಗಿಳಿದರು. ಅನ್ಯದೇಶದ ಸಂಬಳಗಾರ, ಕರಾರಿನ ಮನುಷ್ಯ, ಆ ಮಕ್ಕಳ ಪ್ರಶ್ನೆಗಳಿಗೆ ಏನು ತಾನೇ ಹೇಳಿಯಾನು? ಪಠ್ಯಪುಸ್ತಕದ ಮುಂದಿನ ಪುಟವನ್ನು ತೆರೆಯುವುದೊಂದೇ ಅವನಿಗಿದ್ದ ದಾರಿ. 1974ರ ಸೆಪ್ಟೆಂಬರಿನಲ್ಲಿ ಚಕ್ರವರ್ತಿ ಪದಚ್ಯುತನಾದನು. ಮೇಲಿನ ತರಗತಿಗಳ ಹುಡುಗರನ್ನೂ ಅವರ ಉಪಾಧ್ಯಾಯರನ್ನೂ ಚಕ್ರವರ್ತಿಯನ್ನಿಳಿಸಿದ ಸೈನಿಕ ಸರಕಾರ ಹಳ್ಳಿಗಳಿಗೆ ಅಟ್ಟಿತು.

ಎರಡು ನಾಡುಗಳ ನಡುವಣ ಈ ಹೋಗಿಬರುವಿಕೆ ಹೊಸದೇನೂ ಅಲ್ಲ. ಹದಿನಾರು, ಹದಿನೇಳನೆಯ ಶತಮಾನಗಳಲ್ಲಿ ಅದೇ ನಾಡಿನಿಂದ ಗುಲಾಮರಾಗಿ ದಖನ್ನಿಗೆ ಬಂದವರು ಹಬ್ಷಿಗಳು; ಅಹಮದ್‌ನಗರದ ಮಲಿಕ್ ಅಂಬರ್ ಮೊಗಲರನ್ನೇ ದಿಕ್ಕೆಡಿಸಿದನು, ನಮ್ಮ ವಿಜಾಪುರದಲ್ಲಿ ಇಖ್ಲಾಸ್ ಖಾನ್ ಮಂತ್ರಿಪದವಿಗೇರಿದನು. ಅವರ ನಾಡಿಗೆ ಮೇಷ್ಟರನ್ನು ಕಳುಹುವ ಸರದಿ ನಮಗೆ ತಡವಾಗಿ ಬಂದಿತು, ಇನ್ನೂ ಮುಗಿದಿಲ್ಲ: ಈ ಶತಮಾನದಲ್ಲಿ ಅಲ್ಲಿ ಹೊಸ ವಿಶ್ವವಿದ್ಯಾಲಯಗಳು ತಲೆಯೆತ್ತಿದ ಮೇಲೆ ಗೊಂಡರ್, ಜಿಮ್ಮಾ, ಅರ್ಬಾಮಿಂಚ್‌ಗಳಿಗೆ ಭಾರತದಿಂದ ಪ್ರಾಧ್ಯಾಪಕರು ಮತ್ತೆ ಹೋದರು. ಅವರ ಕೈಯಲ್ಲಿ ಮೊಬೈಲು, ಮನೆಯಲ್ಲಿ ಕುಕ್ಕರು. ಕಚೇರಿಯ ಕಾಗದದಲ್ಲಿ ಮಾತ್ರ ಇಂದಿಗೂ ಎರಡೆರಡು ತಾರೀಖು, ಯಾವುದು ಯಾವ ಪಂಚಾಂಗದ್ದೆಂದು ಮಗ್ಗುಲಲ್ಲಿ ನಮೂದಿಸಿರುತ್ತದೆ.