ಹಲ್ಲು ನುಡಿಯುವ ಸಾಕ್ಷಿ

ದನದ ಜಾತ್ರೆಯಲ್ಲಿ ಹೋರಿ ಕೊಳ್ಳುವವರು ಮೊದಲು ಅದರ ಬಾಯಿ ತೆರೆದು ನೋಡುತ್ತಾರೆ. ಎರಡು ಹಲ್ಲು, ನಾಲ್ಕು ಹಲ್ಲು, ಬಾಯಿಗೂಡಿದ್ದು ಎಂದು ಹಲ್ಲಿನಿಂದಲೇ ವಯಸ್ಸು ಗೊತ್ತುಮಾಡುತ್ತಾರೆ. ಮನುಷ್ಯನ ವಯಸ್ಸನ್ನೂ ಹೀಗೆ ಅಳೆಯಬಹುದೆ?

ಇಂಗ್ಲೆಂಡಿನಲ್ಲಿ 1833ರ ಕಾನೂನು 9 ವರ್ಷದೊಳಗಿನ ಮಕ್ಕಳನ್ನು ಬಟ್ಟೆ ಗಿರಣಿಗಳಲ್ಲಿ ದುಡಿಸಬಾರದೆಂದಿತು. ಆದರೆ ಮಗುವಿನ ವಯಸ್ಸು ತಿಳಿಯುವುದು ಹೇಗೆ? ಎತ್ತರಕ್ಕಿಂತ ಹಲ್ಲೇ ನಂಬಿಕಸ್ತ ಎಂದು 1837ರಲ್ಲಿ ದಂತವೈದ್ಯ ಎಡ್ವಿನ್ ಸಾಂಡರ್ಸ್ ವಾದಿಸಿದ.

ನಮ್ಮಲ್ಲೂ ಈ ಪ್ರಶ್ನೆ ಹಳತಾಗಿಲ್ಲ. ಚನ್ನಗಿರಿಯ ಹಳ್ಳಿಯೊಂದರ ತಾಯಿ, 'ಸೂಳೆಕೆರೆ ಕೋಡಿ ಬಿದ್ದ ವರ್ಷ ಹುಟ್ಟಿದ ಮಗ' ಎಂದರೆ ಮನೆಯವರಿಗೆ ಸಾಕು; ನ್ಯಾಯಾಲಯಕ್ಕೆ ಸಾಲದು. ಆರೋಪಿಗೆ 17 ವರ್ಷವೇ, 18 ತುಂಬಿದೆಯೇ ಎಂಬುದರ ಮೇಲೆ ಅವನು ಬಾಲನ್ಯಾಯ ಮಂಡಳಿಗೋ ದೊಡ್ಡವರ ನ್ಯಾಯಾಲಯಕ್ಕೋ ಎಂಬುದು ನಿಂತಿದೆ.

ಹಲ್ಲು ದವಡೆಯೊಳಗೆ ಮೇಲಿನಿಂದ ಕೆಳಕ್ಕೆ ಬೆಳೆಯುತ್ತದೆ. ಮೊದಲು ತಲೆ ಗಟ್ಟಿಯಾಗುತ್ತದೆ, ಅನಂತರ ಬೇರು ಇಳಿಯುತ್ತದೆ, ಕಡೆಗೆ ಬೇರಿನ ತುದಿ ಮುಚ್ಚಿಕೊಳ್ಳುತ್ತದೆ. ಹೊಟ್ಟೆಗೆ ಸಾಲದಿದ್ದಾಗ ಮೂಳೆಯ ಬೆಳವಣಿಗೆ ಹಿಂದೆ ಬಿದ್ದಷ್ಟು ಹಲ್ಲಿನದು ಬೀಳುವುದಿಲ್ಲ. 1973ರಲ್ಲಿ ಕೆನಡಾದ ಡೆಮಿರ್ಜಿಯನ್ ಮತ್ತು ಸಂಗಡಿಗರು ಕೆಳದವಡೆಯ ಎಡಭಾಗದ 7 ಹಲ್ಲುಗಳ ಬೆಳವಣಿಗೆಯನ್ನು ಎಕ್ಸ್‌ರೇಯಲ್ಲಿ ನೋಡಿ 8 ಹಂತಗಳಾಗಿ ವಿಂಗಡಿಸಿದರು. ಪ್ರತಿ ಹಂತಕ್ಕೂ ಅಂಕ. ಅಂಕಗಳ ಮೊತ್ತದಿಂದ ವಯಸ್ಸು.

ಆದರೆ ಆ ಪಟ್ಟಿ ಫ್ರೆಂಚ್ ಮೂಲದ ಕೆನಡಾ ಮಕ್ಕಳದು. ನಮ್ಮ ಮಕ್ಕಳಿಗೆ ಅದು ಹಾಗೆಯೇ ಹೊಂದುವುದಿಲ್ಲ. ಧಾರವಾಡದ ಎಸ್‌ಡಿಎಂ ದಂತವೈದ್ಯ ಕಾಲೇಜಿನ ಅಶಿತ್ ಆಚಾರ್ಯ ಬುದ್ಧಿಹಲ್ಲನ್ನೂ ಸೇರಿಸಿ, 8 ಹಲ್ಲುಗಳಿಂದ ಭಾರತೀಯರ ವಯಸ್ಸು ಲೆಕ್ಕಹಾಕುವ ಸೂತ್ರವನ್ನು 2011ರಲ್ಲಿ ಪ್ರಕಟಿಸಿದರು.

ತೊಡಕಿರುವುದು ಈ ಬುದ್ಧಿಹಲ್ಲಿನಲ್ಲೇ. ಸುಮಾರು 16ರ ಹೊತ್ತಿಗೆ ಉಳಿದ ಹಲ್ಲುಗಳ ಬೆಳವಣಿಗೆ ಮುಗಿದಿರುತ್ತದೆ. ಕಾನೂನಿಗೆ ಬೇಕಾದ 18ರ ಗಡಿಯಲ್ಲಿ ಬೆಳೆಯುತ್ತಿರುವ ಹಲ್ಲು ಅದೊಂದೇ. ಅದೋ ಒಬ್ಬರಲ್ಲಿ ಬೇಗ, ಒಬ್ಬರಲ್ಲಿ ತಡ, ಕೆಲವರಲ್ಲಿ ಹುಟ್ಟುವುದೇ ಇಲ್ಲ. ಎಕ್ಸ್‌ರೇಯಿಂದ ಹೇಳಿದ ವಯಸ್ಸು ಎರಡು ವರ್ಷ ಅತ್ತಿತ್ತ ಆಗಬಹುದೆಂದು ಸುಪ್ರೀಂ ಕೋರ್ಟು 1982ರ ಜಯಮಾಲಾ ಪ್ರಕರಣದಲ್ಲೇ ಹೇಳಿತ್ತು.

ಅದಕ್ಕೇ 2015ರ ಬಾಲನ್ಯಾಯ ಕಾಯ್ದೆ ಮೊದಲು ಕೇಳುವುದು ಶಾಲೆಯ ಇಲ್ಲವೆ ಮೆಟ್ರಿಕ್ ಪ್ರಮಾಣಪತ್ರ. ಅದಿಲ್ಲದಿದ್ದರೆ ಪಂಚಾಯಿತಿ, ಪುರಸಭೆಗಳ ಜನನ ಪತ್ರ. ಎರಡೂ ಇಲ್ಲದಾಗ ಮಾತ್ರ ವೈದ್ಯರ ಪರೀಕ್ಷೆ. ಹಲ್ಲು ಸುಳ್ಳು ಹೇಳುವುದಿಲ್ಲ, ಆದರೆ ತಾರೀಖನ್ನೂ ಹೇಳುವುದಿಲ್ಲ. ಮಗು ಹುಟ್ಟಿದ 21 ದಿನಗಳೊಳಗೆ ಬರೆಸಿದ ಒಂದು ಸಾಲು, ಮುಂದೆ ಅದರ ಬಾಯಿ ತೆರೆಸಿ ನೋಡುವ ಪ್ರಸಂಗವನ್ನೇ ತಪ್ಪಿಸೀತು.