ಅಮ್ಮನ ಬಳೆ ಮತ್ತು ಅಗ್ಗದ ಮಾತ್ರೆ

ಮೊನ್ನೆ ಸಂಜೆ ನನ್ನ ರಕ್ತದೊತ್ತಡದ ಮಾತ್ರೆಯ ಪಟ್ಟಿಯನ್ನು ತಿರುಗಿಸಿ ನೋಡುತ್ತಿದ್ದ ಮೊಮ್ಮಗಳು, "ತಾತಾ, ಇದು ಸಿಕ್ಕಿಂನಲ್ಲಿ ತಯಾರಾಗಿದ್ದು! ಅಷ್ಟು ದೂರದಿಂದ ಬಂದರೂ ಬೆಲೆ ಇಷ್ಟೇನಾ?" ಎಂದಳು. ನನಗೆ ತಟ್ಟನೆ ಅಮ್ಮನ ಬಳೆ ನೆನಪಾಯಿತು.

1958ರ ಮಾತು. ನನಗಾಗ ಎಂಟು ವರ್ಷ, ತಂಗಿಗೆ ಐದು. ಅವಳಿಗೆ ವಿಷಮಶೀತ ಜ್ವರ ಬಂತು. ಡಾಕ್ಟರು ಬರೆದುಕೊಟ್ಟದ್ದು ವಿದೇಶಿ ಕಂಪನಿಯ ಕ್ಯಾಪ್ಸೂಲು. ಅಪ್ಪನ ಸಂಬಳ ಸಾಲದೆ ಅಮ್ಮನ ಎರಡು ಬಳೆ ಗಿರವಿಗೆ ಹೋದವು. ತಂಗಿ ಉಳಿದಳು, ಬಳೆ ಹಿಂತಿರುಗಲಿಲ್ಲ. ಮುಂದೆ ನಾನು ಬ್ಯಾಂಕಿನಲ್ಲಿ ಚಿನ್ನದ ಸಾಲದ ಕೌಂಟರಿಗೆ ಬಂದಾಗ, ಸಾಲ ಯಾತಕ್ಕೆಂದು ಕೇಳಿ ಬರೆದುಕೊಳ್ಳಬೇಕಿತ್ತು. "ಔಷಧಿಗೆ ಸ್ವಾಮೀ" ಎಂಬ ಉತ್ತರ ಬಂದಾಗಲೆಲ್ಲ ನನ್ನ ಪೆನ್ನು ಒಂದು ಕ್ಷಣ ನಿಲ್ಲುತ್ತಿತ್ತು.

ಹಾಗಾದರೆ ನಮ್ಮ ದೇಶದಲ್ಲಿ ಔಷಧಿ ತಯಾರಿಸುವವರೇ ಇರಲಿಲ್ಲವೇ? ಇದ್ದರು. ರಸಾಯನ ವಿಜ್ಞಾನಿ ಪ್ರಫುಲ್ಲಚಂದ್ರ ರೇ 1901ರಲ್ಲೇ ಕಲ್ಕತ್ತೆಯಲ್ಲಿ ಬೆಂಗಾಲ್ ಕೆಮಿಕಲ್ಸ್ ಕಂಪನಿ ಕಟ್ಟಿದ್ದರು. 1935ರಲ್ಲಿ ಖ್ವಾಜಾ ಅಬ್ದುಲ್ ಹಮೀದ್ ಮುಂಬಯಿಯಲ್ಲಿ ಸಿಪ್ಲಾ ಸ್ಥಾಪಿಸಿದರು. ಸ್ವಾತಂತ್ರ್ಯ ಬಂದ ಮೇಲೆ ಸರ್ಕಾರವೂ ಕೈಹಾಕಿತು. 1954ರಲ್ಲಿ ಪುಣೆ ಬಳಿಯ ಪಿಂಪ್ರಿಯಲ್ಲಿ ಪೆನಿಸಿಲಿನ್‌ಗಾಗಿ ಹಿಂದೂಸ್ತಾನ್ ಆಂಟಿಬಯೋಟಿಕ್ಸ್ ಬಂತು. 1961ರಲ್ಲಿ ಹುಟ್ಟಿದ ಐಡಿಪಿಎಲ್ ಸಂಸ್ಥೆ, ಸೋವಿಯತ್ ದೇಶದ ನೆರವಿನಿಂದ ಹೃಷಿಕೇಶ ಮತ್ತು ಹೈದರಾಬಾದಿನಲ್ಲಿ ಕಾರ್ಖಾನೆ ತೆರೆಯಿತು. ಇವು ಔಷಧಿ ಕೊಟ್ಟಿದ್ದಲ್ಲದೆ ಕೆಲಸ ಬಲ್ಲವರನ್ನೂ ತಯಾರು ಮಾಡಿದವು. ಐಡಿಪಿಎಲ್‌ನಲ್ಲಿ ದುಡಿದಿದ್ದ ಅಂಜಿ ರೆಡ್ಡಿಯವರೇ 1984ರಲ್ಲಿ ಡಾ. ರೆಡ್ಡೀಸ್ ಕಂಪನಿ ಆರಂಭಿಸಿದರು.

ಆದರೆ ಹೊಸ ಔಷಧಿಗಳಿಗೆ ಒಂದು ಬೀಗವಿತ್ತು. ಅದು ಬ್ರಿಟಿಷರ ಕಾಲದ 1911ರ ಪೇಟೆಂಟ್ ಕಾನೂನು. ಮಕ್ಕಳೇ, ಇದನ್ನು ಹೀಗೆ ತಿಳಿಯಿರಿ. ಒಬ್ಬರು ಮೈಸೂರು ಪಾಕ್ ಕಂಡುಹಿಡಿದು ಪೇಟೆಂಟ್ ಪಡೆದರು ಎನ್ನೋಣ. ಹಳೆಯ ಕಾನೂನಿನಂತೆ ಆ ಅವಧಿ ಮುಗಿಯುವವರೆಗೆ ಬೇರೆ ಯಾರೂ ಮೈಸೂರು ಪಾಕ್ ಮಾಡಿ ಮಾರುವಂತಿಲ್ಲ. ಅವರು ಹೇಳಿದ್ದೇ ಬೆಲೆ. ನ್ಯಾಯಮೂರ್ತಿ ರಾಜಗೋಪಾಲ ಅಯ್ಯಂಗಾರ್ ಅವರು 1959ರಲ್ಲಿ ಕೊಟ್ಟ ವರದಿಯ ಆಧಾರದ ಮೇಲೆ 1970ರಲ್ಲಿ ಹೊಸ ಕಾನೂನಾಯಿತು, 1972ರ ಏಪ್ರಿಲ್‌ನಿಂದ ಜಾರಿಗೆ ಬಂತು. ಅದರಂತೆ ಔಷಧಿಯ ಮಟ್ಟಿಗೆ ಪೇಟೆಂಟು ಮಾಡುವ ವಿಧಾನಕ್ಕೆ ಮಾತ್ರ, ಪದಾರ್ಥಕ್ಕಲ್ಲ. ಬೇರೆ ಹದದಲ್ಲಿ ಪಾಕ ತೆಗೆಯಬಲ್ಲೆಯಾದರೆ ನೀನೂ ಮೈಸೂರು ಪಾಕ್ ಮಾಡು!

ನಮ್ಮ ರಸಾಯನ ತಜ್ಞರು ಬೇರೆ ಬೇರೆ ಹಾದಿ ಹುಡುಕಿದರು. ಪೈಪೋಟಿ ಬೆಳೆಯಿತು, ಬೆಲೆ ಇಳಿಯಿತು. ಏಡ್ಸ್ ರೋಗಕ್ಕೆ ವರ್ಷಕ್ಕೆ 10,000 ಡಾಲರಿಗೂ ಹೆಚ್ಚು ಬೆಲೆಯಿದ್ದ ಮೂರು ಔಷಧಿಗಳ ಚಿಕಿತ್ಸೆಯನ್ನು, 2001ರಲ್ಲಿ ಸಿಪ್ಲಾದ ಯೂಸುಫ್ ಹಮೀದ್ 350 ಡಾಲರಿಗೆ ಕೊಡಲು ಮುಂದಾದರು. ಅಂದರೆ ದಿನಕ್ಕೆ ಒಂದು ಡಾಲರಿಗಿಂತ ಕಡಿಮೆ. ಆಫ್ರಿಕದ ಬಡವರಿಗೆ ಅದು ಜೀವದಾನವಾಯಿತು. ನಮ್ಮ ಬೆಂಗಳೂರಿನಲ್ಲೂ 1978ರಲ್ಲಿ ಕಿರಣ್ ಮಜುಂದಾರ್ ಒಂದು ಗ್ಯಾರೇಜಿನಲ್ಲಿ ಶುರುಮಾಡಿದ ಬಯೋಕಾನ್ ಮುಂದೆ ಇನ್ಸುಲಿನ್ ತಯಾರಿಕೆಗೆ ಹೆಸರಾಯಿತು.

ಬ್ಯಾಂಕಿನವನಾದ್ದರಿಂದ ಜಮೆಯ ಜೊತೆ ಖರ್ಚಿನ ಕಡೆಯನ್ನೂ ನೋಡಬೇಕು. ವಿಶ್ವ ವ್ಯಾಪಾರ ಒಪ್ಪಂದದಿಂದಾಗಿ 2005ರಿಂದ ಪದಾರ್ಥಕ್ಕೂ ಪೇಟೆಂಟ್ ಮರಳಿ ಬಂದಿದೆ. ಎಷ್ಟೋ ಔಷಧಿಗಳ ಮೂಲ ಸಾಮಗ್ರಿಗೆ ಇಂದಿಗೂ ಚೀನಾವನ್ನು ನೆಚ್ಚಿದ್ದೇವೆ. 2022ರಲ್ಲಿ ಗ್ಯಾಂಬಿಯಾ ದೇಶದ ಮಕ್ಕಳ ಸಾವಿಗೂ ಭಾರತದಲ್ಲಿ ತಯಾರಾದ ಕೆಮ್ಮಿನ ಸಿರಪ್ಪಿಗೂ ನಂಟಿರಬಹುದೆಂದು ವಿಶ್ವ ಆರೋಗ್ಯ ಸಂಸ್ಥೆ ಎಚ್ಚರಿಸಿತು. ಔಷಧಿ ಅಗ್ಗವಾದರೆ ಸಾಲದು, ಶುದ್ಧವೂ ಆಗಿರಬೇಕು. ಕಡೆಗಣಿಸಿದರೆ ಗಳಿಸಿದ ಹೆಸರೆಲ್ಲ ಹೊಳೆಯಲ್ಲಿ ಹುಣಸೆ ಹಣ್ಣು ತೊಳೆದಂತೆ.

ಮಕ್ಕಳೇ, ಇಂದು ಅಜ್ಜಿಯ ಮಾತ್ರೆಯ ಪಟ್ಟಿ ನೋಡಿ. ಅದರಲ್ಲಿ ಕಂಪನಿ ಇಟ್ಟ ಹೆಸರೂ ಔಷಧಿಯ ಮೂಲ ಹೆಸರೂ ಇರಬಹುದು. ಎರಡನ್ನೂ ಓದಿ, ಮುಗಿಯುವ ದಿನಾಂಕವನ್ನೂ ಅಜ್ಜಿಗೆ ಹೇಳಿ.

ನನ್ನ ತಂಗಿಗೆ ಈಗ 72. ಕಳೆದ ತಿಂಗಳು ಜನೌಷಧಿ ಕೇಂದ್ರದಿಂದ ಸಕ್ಕರೆ ಕಾಯಿಲೆಯ ಮಾತ್ರೆ ತಂದವಳು ಚೀಟಿಯಲ್ಲಿನ ಮೊತ್ತ ನೋಡಿ ಸುಮ್ಮನೆ ಕುಳಿತಳು. ಆಮೇಲೆ ಅಂದಳು: "ಅಣ್ಣಾ, ಆಗ ಹೀಗಿದ್ದಿದ್ದರೆ ಅಮ್ಮನ ಬಳೆ ಉಳೀತಿತ್ತು."